ಬಿಸಿಲು ಕಂಡ ಮರಳು

“ಬಾಗಿಲು! ಬಾಗಿಲು ಹಾಕಿ ಭಾವ!”

ನಾನಿನ್ನೂ ಒಂದು ಕಾಲನ್ನಷ್ಟೇ ಒಳಗಿಟ್ಟಿದ್ದೆ. ನನ್ನ ನಾದಿನಿ ಮೇಜಿನ ಮೇಲಿನ ತಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕಿರುಚಿದಳು. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತನಾದ ನನ್ನ ಮೇಲೆ ಹೀಗೆ ಕಿರುಚುವ ಧೈರ್ಯ ಇಬ್ಬರಿಗೆ ಮಾತ್ರ ಇದೆ, ಇವಳಿಗೆ ಮತ್ತು ಇವಳ ಅಕ್ಕನಿಗೆ. ಅಕ್ಕನನ್ನು ನಾನು ಮದುವೆಯಾಗಿರುವುದರಿಂದ ಆ ವಿಷಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ಬಾಗಿಲು ಹಾಕಿದೆ. ಒಳಗೆ ಉಳಿದದ್ದು ಕೆಂಪು ದೀಪವೊಂದೇ. ಅದರ ಮಂಕು ಬೆಳಕಿನಲ್ಲಿ ನಾದಿನಿಯ ಮುಖ, ತಟ್ಟೆಯಲ್ಲಿದ್ದ ಒಂದು ಹಿಡಿ ಮರಳು, ಮರಳು ತುಂಬಿ ತಂದು ಗೋಡೆಗೆ ಒರಗಿಸಿಟ್ಟ ಎಂಟು ಕಬ್ಬಿಣದ ಕೊಳವೆಗಳು ಎಲ್ಲವೂ ಒಂದೇ ಬಣ್ಣವಾಗಿದ್ದವು.

ಮರಳಿನ ಕ್ವಾರಿಯಲ್ಲಿ ಸಿಕ್ಕಿದ, ಮೂರು ಲಕ್ಷ ವರ್ಷದ್ದೆನ್ನುವ ಆದಿಮಾನವನ ದವಡೆಯ ಕೆಳಗಿನ ಮರಳಿಗೆ ಬೆಳಕು ತಾಗಿಸಿ ಕೆಡಿಸಿದಳೆಂದು ಅಗೆತದ ಮುಖ್ಯಸ್ಥ ಪ್ರೊಫೆಸರ್ ಇವಳ ತಲೆಯ ಮೇಲೆ ಗೂಬೆ ಕೂರಿಸಿ ಅಂದಿಗೆ ಒಂಬತ್ತು ದಿನ. ಮಧ್ಯಾಹ್ನ ಮೂರಕ್ಕೆ ವಿಚಾರಣಾ ಸಮಿತಿ. ತಪ್ಪು ರುಜುವಾದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹದಿನಾಲ್ಕು ವರ್ಷದಿಂದ ಇವಳು ಈ ಗವಿಯಲ್ಲಿ ಕೂತು ಅಳೆದುಕೊಟ್ಟ ಕಾಲಮಾನಗಳೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ.

“ಇನ್ನೊಂದು ಸಲ ಹೇಳಮ್ಮ. ದಡ್ಡನಿಗೆ ಹೇಳೋ ಹಾಗೆ ಹೇಳು.”

“ಹಾಗೇ ಹೇಳ್ತಾ ಇದ್ದೀನಿ ಭಾವ, ಮೊದಲನೇ ದಿನದಿಂದ,” ಎಂದಳು. “ಮೂಳೆಯಲ್ಲಿರೋ ಇಂಗಾಲ ನೋಡಿ ವಯಸ್ಸು ಹೇಳಬಹುದು. ಆದರೆ ಐವತ್ತು ಸಾವಿರ ವರ್ಷ ದಾಟಿದರೆ ಆ ಲೆಕ್ಕ ಕೈ ಕೊಡುತ್ತೆ, ಇಂಗಾಲ ಉಳಿದೇ ಇರಲ್ಲ. ಅದಕ್ಕೇ ಮೂಳೆ ಬಿಟ್ಟು ಅದು ಹೂತಿದ್ದ ಮರಳನ್ನ ಕೇಳ್ತೀವಿ. ಮರಳಿನ ಕಣಕ್ಕೆ ಕೊನೇ ಸಲ ಬಿಸಿಲು ಕಂಡಿದ್ದು ನೆನಪಿರುತ್ತೆ. ಹೂತ ಮೇಲೆ ಸುತ್ತಲಿನ ಮಣ್ಣಿಂದ ಬರೋ ಸೂಕ್ಷ್ಮ ವಿಕಿರಣ ಅದರೊಳಗೆ ವರ್ಷ ವರ್ಷ ಸೇರ್ತಾ ಹೋಗುತ್ತೆ. ಎಷ್ಟು ಸೇರಿದೆ ಅಂತ ನಾನು ಅಳೀತೀನಿ. ಮತ್ತೆ ಬಿಸಿಲು ಬಿತ್ತೋ, ಎಲ್ಲ ಖಾಲಿ. ಸೊನ್ನೆಯಿಂದ ಶುರು.”

“ಅಂದರೆ ನೀನು ದೀಪ ಹಾಕಿದ್ದರೆ ಖಾಲಿಯಾಗುತ್ತಿತ್ತು.”

“ಎಲ್ಲ ಕಣಾನೂ ಒಂದೇ ಥರ ಖಾಲಿಯಾಗ್ತಿತ್ತು! ಅದನ್ನೇ ಬಡ್ಕೊಳ್ತಾ ಇದ್ದೀನಿ. ದವಡೆ ಸಿಕ್ಕ ಜಾಗದ್ದು ಐದನೇ ಟ್ಯೂಬು, ಅದರ ಮರಳನ್ನ ಒಂದೊಂದೇ ಕಣ ಅಳೆದೆ. ನೂರಕ್ಕೆ ಅರವತ್ತು ಕಣ ಈಚೆಗೆ ಬಿಸಿಲು ಕಂಡಿವೆ. ನಲವತ್ತು ಕಣ ಮೂರು ಲಕ್ಷ ವರ್ಷದಿಂದ ಕಂಡೇ ಇಲ್ಲ. ಎರಡೂ ಕಲಸಿಹೋಗಿವೆ. ದೀಪ ಹೀಗೆ ಕಲಸಲ್ಲ ಭಾವ, ಸಲಿಕೆ ಕಲಸುತ್ತೆ. ಯಾರೋ ತೋಡಿ ಮತ್ತೆ ತುಂಬಿದಾರೆ.”

ನನಗಾಗಲೇ ಅರ್ಧ ಕೇಸು ಮುಗಿದಂತೆ ಅನಿಸಿತು. ಆ ದವಡೆ ಅಲ್ಲಿ ಸಿಕ್ಕಿದ್ದಲ್ಲ, ಅಲ್ಲಿ ಇಟ್ಟಿದ್ದು.

“ಈಚೆಗೆ ಅಂದರೆ ಯಾವಾಗ?”

“ಹತ್ತು ವರ್ಷದೊಳಗೆ ಅಂತ ಹೇಳಬಲ್ಲೆ. ಮೊನ್ನೆಯೋ, ಹೋದ ವರ್ಷವೋ ಅನ್ನೋ ಸಣ್ಣ ಲೆಕ್ಕ ಇದಕ್ಕೆ ಬರಲ್ಲ. ಉಳಿದ ಏಳು ಟ್ಯೂಬಿನ ಮರಳನ್ನೂ ಯಾರಿಗೂ ಹೇಳದೆ ಯಂತ್ರಕ್ಕೆ ಹಾಕಿದ್ದೀನಿ. ವಾರದಿಂದ ಎಣಿಸ್ತಾ ಇದೆ. ಇವತ್ತು ಎರಡೂವರೆಗೆ ಮುಗಿಯುತ್ತೆ.”

ಗೋಡೆಯ ಹತ್ತಿರ ಹೋಗಿ ಒಂದು ಕೊಳವೆ ಎತ್ತಿಕೊಂಡೆ. ಅದರ ಮೇಲೊಂದು ಬಿಳಿ ಚೀಟಿ ಅಂಟಿಸಿತ್ತು. ಖಾಲಿ ಚೀಟಿ.

“ನಂಬರೇ ಇಲ್ಲವಲ್ಲ?”

“ಇದೆ. ಹೊರಗೆ ಹೋದರೆ ಕಾಣುತ್ತೆ. ಕೆಂಪು ಇಂಕಲ್ಲಿ ಬರೆದಿದಾರೆ ಪುಣ್ಯಾತ್ಮರು. ಈ ದೀಪದಲ್ಲಿ ಬಿಳಿ ಹಾಳೆಯೂ ಕೆಂಪು, ಇಂಕೂ ಕೆಂಪು. ಹೊರಗಡೆಯೇ ನೋಡ್ಕೊಂಡು, ಒಳಗೆ ತಂದು ಸಾಲಾಗಿಟ್ಟೆ.” ಅವಳ ದನಿ ಮೆತ್ತಗಾಯಿತು. “ಮೇಸ್ತ್ರಿ ಇದ್ದಿದ್ದರೆ ಈ ಗೋಳೇ ಇರ್ತಿರಲಿಲ್ಲ. ಅವರು ಕೊಳವೆ ಮೇಲೆ ಅರದಿಂದ ಗೀರು ಹಾಕ್ತಿದ್ರು. ಒಂದನೇದಕ್ಕೆ ಒಂದು ಗೀರು, ಐದನೇದಕ್ಕೆ ಐದು. ‘ಕತ್ತಲೇಲಿ ಕೆಲಸ ಮಾಡ್ತೀರಿ ತಾಯಿ, ಬೆರಳಲ್ಲೇ ಓದ್ಕೊಳ್ಳಿ’ ಅಂತಿದ್ರು. ಇಷ್ಟು ವರ್ಷದಲ್ಲಿ ಈ ಸಂಸ್ಥೇಲಿ ನನ್ನ ಕೆಲಸ ಏನು ಅಂತ ಯೋಚನೆ ಮಾಡಿದ ಮನುಷ್ಯ ಅವರೊಬ್ಬರೇ.”

ಮೇಸ್ತ್ರಿ ಅಂದರೆ ಕ್ವಾರಿಯಲ್ಲಿ ಅಗೆತದ ಕೆಲಸ ನೋಡಿಕೊಳ್ಳುತ್ತಿದ್ದವನು. ಮುಟ್ಟಿದ ಮಣ್ಣನ್ನೂ ಮುಟ್ಟದ ಮಣ್ಣನ್ನೂ ಒಂದೇ ನೋಟಕ್ಕೆ ಬೇರೆ ಮಾಡಿ ಹೇಳುವವನಂತೆ. ದವಡೆ ಸಿಗುವ ಮೂರು ದಿನ ಮೊದಲು ಊರಿಗೆ ಹೋದನೆಂದು ಸಂಸ್ಥೆಯ ಹಾಜರಿ ಪುಸ್ತಕ ಹೇಳುತ್ತದೆ.

ಹೊರಕೋಣೆಯಲ್ಲಿ ಫೋನು ಬಡಿದುಕೊಂಡಿತು. ನಾದಿನಿ ತಟ್ಟೆಗೆ ಕರಿಬಟ್ಟೆ ಹೊದಿಸಿ ಹೊರಗೆ ಹೋದಳು. ನಾನೂ ಹಿಂದೆ ಹೋದೆ.

“ಇಲ್ಲಕ್ಕ, ಇಲ್ಲಿಗೂ ಬಂದಿಲ್ಲ… ಖಂಡಿತ ಹೇಳ್ತೀನಿ… ನೀವು ಊಟ ಮಾಡಿದ್ರಾ?… ಮಾಡಿ ಅಕ್ಕ.” ಫೋನಿಟ್ಟು ನನ್ನ ಕಡೆ ತಿರುಗಿದಳು. “ಮೇಸ್ತ್ರಿ ಹೆಂಡತಿ. ಅವರು ಮನೆ ಕಡೆ ಬಂದು ಎರಡು ತಿಂಗಳಾಯ್ತಂತೆ. ಮಕ್ಕಳಿಲ್ಲ, ಮರಿಯಿಲ್ಲ, ಇರೋದು ಇಬ್ಬರೇ. ದಿನಾ ಹನ್ನೊಂದೂವರೆಗೊಂದು, ಮೂರಕ್ಕೊಂದು ಫೋನ್ ಮಾಡ್ತಾರೆ.”

“ಬೇರೆ ಕಡೆ ಕೆಲಸ ಸಿಕ್ಕಿರುತ್ತೆ ಬಿಡು. ಈ ಜಾತಿಯ ಗಂಡಸರನ್ನ ನಾನು ಎಷ್ಟು ನೋಡಿಲ್ಲ? ಹೇಳದೆ ಕೇಳದೆ ಹೋಗ್ತಾರೆ, ಕೈ ಬೀಸ್ಕೊಂಡು ಬರ್ತಾರೆ,” ಎಂದೆ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಯಾರನ್ನೂ ಲೆಕ್ಕಕ್ಕೇ ಇಡದ ನನ್ನ ನಾಲಗೆ ಅವತ್ತು ಹೀಗೆ ಹೇಳಿತು.

ನಾದಿನಿಯ ಮೇಜಿನಿಂದ ಒಂದು ಸಣ್ಣ ಕೆಂಪು ಟಾರ್ಚನ್ನು ಕೇಳಿ ಪಡೆದು ಜೇಬಿಗಿಟ್ಟುಕೊಂಡು, ಪ್ರೊಫೆಸರರ ದರ್ಶನಕ್ಕೆ ಮೂರನೇ ಮಹಡಿಗೆ ಹತ್ತಿದೆ.

*

ಅವರ ಕೋಣೆಯ ಗೋಡೆಯುದ್ದಕ್ಕೂ ಒಂದು ಗಾಜಿನ ಕಪಾಟು. ಅದರಲ್ಲಿ ಸಾಲಾಗಿ ತಲೆಬುರುಡೆಗಳ ಅಚ್ಚುಗಳು. ಎಡತುದಿಯಲ್ಲಿ ಅಂಗೈಯಲ್ಲಿ ಹಿಡಿಸುವಂಥ ಯಾವುದೋ ಮರವಾಸಿಯದು, ನಂತರ ಚಿಂಪಾಂಜಿಯದು, ಆಮೇಲೆ ಹುಬ್ಬು ದಪ್ಪಗಿರುವ ಪುರಾತನ ನೆಂಟರು, ಕೊನೆಗೆ ನಮ್ಮಂಥದೇ ದುಂಡು ಬುರುಡೆ. ಅದರ ಪಕ್ಕ, ಬಲತುದಿಯಲ್ಲಿ, ಶಾಲು ಹೊದ್ದ ಪ್ರೊಫೆಸರರ ಫೋಟೋ. ಆರೇಳು ಕೋಟಿ ವರ್ಷಗಳಿಂದ ಪ್ರಕೃತಿ ಒದ್ದಾಡಿದ್ದು ಈ ಶಾಲಿಗಾಗಿ ಎಂದು ಅವರು ನಿಜವಾಗಿಯೂ ನಂಬಿದ್ದರು.

“ಕಪಿಯಿಂದ ಮನುಷ್ಯ ಬಂದ ಅಂತ ಈ ಕಪಾಟು ನೋಡಿ ಎಲ್ಲರೂ ತಪ್ಪು ತಿಳ್ಕೊಳ್ತಾರೆ,” ಎಂದು ನಾದಿನಿ ಹಿಂದೊಮ್ಮೆ ಹೇಳಿದ್ದಳು. “ಚಿಂಪಾಂಜಿ ನಮ್ಮ ಅಜ್ಜ ಅಲ್ಲ ಭಾವ, ದಾಯಾದಿ. ಒಬ್ಬಳೇ ಅಜ್ಜಿಯ ಮಕ್ಕಳು, ಎಪ್ಪತ್ತು ಲಕ್ಷ ವರ್ಷದ ಹಿಂದೆ ಪಾಲಾಗಿ ಬೇರೆ ಬೇರೆ ಹೋದವರು.” ಪ್ರೊಫೆಸರರನ್ನು ನೋಡಿದಾಗಲೆಲ್ಲ ಆ ಪಾಲಿನಲ್ಲಿ ಒಳ್ಳೆಯದು ದಾಯಾದಿಗಳಿಗೇ ಹೋಯಿತೇನೋ ಅನ್ನಿಸುತ್ತಿತ್ತು.

“ಬನ್ನಿ ಇನ್‌ಸ್ಪೆಕ್ಟ್ರೇ. ಕಳ್ಳಕಾಕರ ನಡುವೆ ಇದ್ದವರಿಗೆ ನಮ್ಮ ಜಾಗ ಹೊಸದು ಅನ್ನಿಸಬಹುದು.”

“ಹಾಗೇನಿಲ್ಲ ಸಾರ್, ಮನೆಗೆ ಬಂದ ಹಾಗೇ ಇದೆ.”

ಅವರು ಗದ್ದ ಎತ್ತಿದರು. ಕ್ವಾರಿಯಲ್ಲಿ ಸಿಕ್ಕ ದವಡೆಗೆ ಗದ್ದವಿಲ್ಲ. ಚಿಂಪಾಂಜಿಗೂ ಇಲ್ಲ, ನಮ್ಮ ಹಳೆಯ ನೆಂಟರಿಗೂ ಇರಲಿಲ್ಲ, ಅದು ಬಂದದ್ದು ನಮಗೊಬ್ಬರಿಗೇ ಅಂತೆ. ಯಾಕೆ ಬಂತೆಂದು ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರಂತೆ. ಈ ಮನುಷ್ಯನ ಎದುರು ಐದು ನಿಮಿಷ ಕೂತಿದ್ದರೆ ಜಗಳ ಮುಗಿಯುತ್ತಿತ್ತು. ಎದುರಿಗಿದ್ದವರನ್ನು ಗದ್ದ ಎತ್ತಿ ನೋಡುವುದಕ್ಕೆ, ಇನ್ನೇತಕ್ಕೆ?

ಕಿಟಕಿಯ ಪಕ್ಕ ಅವರ ಸಹಾಯಕ ನಿಂತಿದ್ದ. ನಲವತ್ತು ದಾಟಿದ ಆಸಾಮಿ, ಇಡೀ ಸಂಸ್ಥೆ ಅವನನ್ನು ಬಾಲಂಗೋಚಿ ಅನ್ನುತ್ತದೆ. ನಮ್ಮ ವಂಶಕ್ಕೆ ಬಾಲ ಉದುರಿ ಎರಡೂವರೆ ಕೋಟಿ ವರ್ಷವಾಯಿತಂತೆ. ಪ್ರೊಫೆಸರರೊಬ್ಬರಿಗೆ ಮಾತ್ರ ಇನ್ನೂ ಇತ್ತು, ಅವರು ಹೋದಲ್ಲೆಲ್ಲ ಹಿಂದೆ ಹಿಂದೆ ಬರುತ್ತಿತ್ತು.

“ಅವತ್ತು ಕಂಡದ್ದನ್ನ ಇನ್ನೊಂದು ಸಲ ಹೇಳ್ತೀರಾ ಸಾರ್?”

“ಎಷ್ಟು ಸಲ ಹೇಳೋದ್ರೀ? ಬೆಳಿಗ್ಗೆ ಹನ್ನೊಂದಕ್ಕೆ ಡಾರ್ಕ್ ರೂಮಿಗೆ ಹೋದೆ. ನಿಮ್ಮ ನಾದಿನಿ ಐದನೇ ನಂಬರ್ ಟ್ಯೂಬು ತೆರೀತಾ ಇದ್ದರು. ನಾನು ಹೊರಗೆ ಬಂದೆ. ಬಂದು ಎರಡು ನಿಮಿಷಕ್ಕೆ ಬಾಗಿಲ ಸಂದಿಯಿಂದ ಬಿಳಿ ಬೆಳಕು! ದೀಪ ಹಾಕೇಬಿಟ್ಟಿದ್ದರು. ಹೆಂಗಸರ ಅಜಾಗರೂಕತೆ, ಏನು ಮಾಡೋದು?”

“ನೀವು ಒಳಗಿದ್ದಾಗ ಬಿಳಿ ದೀಪ ಇರಲಿಲ್ಲ?”

“ಇದ್ದರೆ ನಾನು ಬಿಡ್ತಿದ್ನೇ? ಕೆಂಪು ದೀಪ ಮಾತ್ರ. ಆ ಶಿಸ್ತು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.”

“ಟ್ಯೂಬು ಎಂಟಿವೆ, ಎಲ್ಲ ಒಂದೇ ಥರ ಇವೆ. ಐದನೇದು ಅಂತ ಹೇಗೆ ಗೊತ್ತಾಯ್ತು?”

“ಕಣ್ಣಿಲ್ವೇನ್ರೀ ನನಗೆ? ಚೀಟಿ ಮೇಲೆ ಇಷ್ಟು ದಪ್ಪಕ್ಕೆ ಬರೆದಿದೆ. ನಾನೇ ನನ್ನ ಕೈಯಾರೆ ಬರೆದದ್ದು.”

“ನೀವೇ?”

“ಮೇಸ್ತ್ರಿ ಇರಲಿಲ್ಲ. ಎಂಟು ಟ್ಯೂಬು ಬೇಕೇ ಬೇಕು ಅಂತ ಅಗೆತದ ಸಮಿತಿಯವರ ಹಟ ಬೇರೆ. ಅವರು ಕಳಿಸಿದ ನಕ್ಷೆ ಪ್ರಕಾರ ಕಂದಕದ ಗೋಡೆಗೆ ಸಾಲಾಗಿ ಹೊಡೆಸಿ, ಮರಳು ತುಂಬಿಸಿ, ನಂಬರ್ ಬರೆದೆ.”

“ದಯವಿಟ್ಟು ಒಂದು ಹಾಳೆ ಮೇಲೆ ಯಾವುದಾದರೂ ನಂಬರ್ ಬರೀತೀರಾ? ನಿಮ್ಮದೇ ಪೆನ್ನಲ್ಲಿ. ನನಗೆ ತೋರಿಸಬೇಡಿ.”

ಹುಚ್ಚನನ್ನು ಸಹಿಸಿಕೊಳ್ಳುವವರಂತೆ ನಕ್ಕು ಅವರು ಜೇಬಿಗೆ ಕೈ ಹಾಕಿದರು. ಮೂರು ಪೆನ್ನುಗಳಿದ್ದವು, ಮೂರೂ ಕೆಂಪು. ಮೂವತ್ತು ವರ್ಷದಿಂದ ಬೇರೆಯವರ ಬರವಣಿಗೆಗೆ ಅಡ್ಡಗೆರೆ ಎಳೆದದ್ದು ಬಿಟ್ಟರೆ ಸ್ವಂತವಾಗಿ ಏನೂ ಬರೆಯದ ಮನುಷ್ಯನಿಗೆ ಇನ್ನೊಂದು ಬಣ್ಣ ಯಾಕೆ ಬೇಕು?

ಬರೆದು ಹಾಳೆಯನ್ನು ಮಡಚಿದರು.

“ಸ್ವಲ್ಪ ಪರದೆ ಎಳೀರಿ ಸ್ವಾಮಿ,” ಎಂದು ಬಾಲಂಗೋಚಿಗೆ ಹೇಳಿ ನಾನೇ ಎದ್ದು ದೀಪ ಆರಿಸಿದೆ. ದಪ್ಪ ಪರದೆ, ಕೋಣೆ ಕಪ್ಪಾಯಿತು. ಜೇಬಿನಿಂದ ಟಾರ್ಚು ತೆಗೆದು ಹಾಳೆಯ ಮೇಲೆ ಕೆಂಪು ಬೆಳಕು ಬಿಟ್ಟೆ.

“ಈಗ ಓದಿ ಸಾರ್.”

ಪ್ರೊಫೆಸರ್ ಹಾಳೆ ಬಿಡಿಸಿದರು. ತಿರುಗಿಸಿದರು. ಕನ್ನಡಕ ಏರಿಸಿ ಕಣ್ಣಿಗೆ ಹತ್ತಿರ ಹಿಡಿದರು. ಹಾಳೆ ತೊಳೆದಿಟ್ಟಷ್ಟು ಖಾಲಿಯಾಗಿತ್ತು.

ಆ ಅರ್ಧ ನಿಮಿಷದ ಸುಖವನ್ನು ನಾನು ಸುಳ್ಳು ಹೇಳಿ ಮುಚ್ಚಿಡುವುದಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

“ಕೆಂಪು ದೀಪದ ಕೋಣೆಗೆ ಕೆಂಪು ಇಂಕು ಒಯ್ಯಬಾರದು ಅನ್ನೋದು ಆ ಕೋಣೆಯಲ್ಲಿ ಒಂದು ದಿನ ಕೆಲಸ ಮಾಡಿದವರಿಗೂ ಗೊತ್ತು. ನಿಮಗೆ ಗೊತ್ತಿಲ್ಲ. ಯಾಕೆಂದರೆ ಹದಿನಾಲ್ಕು ವರ್ಷದಲ್ಲಿ ನೀವು ಅದರ ಹೊಸ್ತಿಲನ್ನೂ ತುಳಿದಿಲ್ಲ. ಅವತ್ತೂ ಹೋಗಲಿಲ್ಲ. ಕೂತಲ್ಲೇ ಕೂತು ಒಬ್ಬಳ ಜೀವನ ತೆಗೆಯೋಕೆ ಹೊರಟಿರಿ. ಅದನ್ನೂ ನೆಟ್ಟಗೆ ಮಾಡೋಕೆ ಬರಲಿಲ್ಲ ನಿಮಗೆ.”

“ನೆನಪು… ಬಹುಶಃ ಹೊರಗೆ ನೋಡಿರಬೇಕು… ದೀಪ ಹಾಕ್ರೀ ಮೊದಲು!”

ಹಾಕಿದೆ. ಗದ್ದ ಎದೆಗೆ ಇಳಿದಿತ್ತು.

“ಆ ದವಡೆಯನ್ನ ಅಲ್ಲಿ ಇಟ್ಟವರು ಯಾರು ಅಂತ ಸಮಿತಿ ಮುಂದೆ ಮಾತಾಡೋಣ. ಸದ್ಯಕ್ಕೆ ಒಂದೇ ಪ್ರಶ್ನೆ. ಮಣ್ಣು ನೋಡಿ ಹೇಳೋ ಮೇಸ್ತ್ರಿ ಸರಿಯಾಗಿ ಅದೇ ವಾರ ಯಾಕೆ ಇರಲಿಲ್ಲ?”

“ನನ್ನನ್ನೇನು ಕೇಳ್ತೀರಿ? ಮಗಳ ಮದುವೆ ಅಂತ ಊರಿಗೆ ಹೋದ.”

ಬಾಲಂಗೋಚಿಯ ಕೈಯಿಂದ ಪರದೆಯ ಹಗ್ಗ ಜಾರಿತು. ನಾನು ನೋಡಿದೆ, ಗಮನಿಸಲಿಲ್ಲ. ಗೆದ್ದ ಅಮಲಿನಲ್ಲಿದ್ದೆ.

*

ಮೆಟ್ಟಿಲಿನ ತಿರುವಿನಲ್ಲಿ ಅವನು ನನ್ನನ್ನು ಹಿಡಿದ. ಏದುಸಿರು ಬಿಡುತ್ತಿದ್ದ.

“ಸರ್, ನನ್ನ ಹೆಸರು ಬರದ ಹಾಗೆ ಏನಾದರೂ ಮಾಡೋಕಾಗುತ್ತಾ?”

“ಮೊದಲು ಬಾಯಿ ಬಿಡಿ. ಆಮೇಲೆ ನೋಡೋಣ.”

ಬಿಟ್ಟ. ದವಡೆ ನಿಜವಾದದ್ದೇ, ತುಂಬಾ ಹಳೆಯದೇ. ಮ್ಯೂಸಿಯಂ ಉಗ್ರಾಣದ ಒಂದು ಡಬ್ಬಿಯಲ್ಲಿ ಅರವತ್ತು ವರ್ಷದಿಂದ ಬಿದ್ದಿತ್ತು. ಎಲ್ಲಿ ಸಿಕ್ಕಿತ್ತೆಂಬ ಚೀಟಿ ಕಳೆದುಹೋಗಿತ್ತು. ಜಾಗ ಗೊತ್ತಿಲ್ಲದ ಮೂಳೆ ಬರೀ ಮೂಳೆ, ಅದಕ್ಕೆ ಯಾವ ಬೆಲೆಯೂ ಇಲ್ಲ. ಪ್ರೊಫೆಸರ್ ಅದಕ್ಕೊಂದು ವಿಳಾಸ ಕೊಟ್ಟರು.

“ಇಟ್ಟಿದ್ದು ನಾನೇ ಸರ್. ಭಾನುವಾರ, ಎಲ್ಲರಿಗೂ ರಜೆ ಇತ್ತು. ಕಂದಕದ ಗೋಡೆಗೆ ಗೆರೆ ಹಾಕಿ, ಇಲ್ಲೇ ಇಡು ಅಂತ ಅವರೇ ತೋರಿಸಿದ್ದರು. ಇಷ್ಟೇ ತೋಡಿದೆ.” ಎರಡೂ ಅಂಗೈಗಳನ್ನು ಒಂದು ಗೇಣು ದೂರದಲ್ಲಿ ಹಿಡಿದು ತೋರಿಸಿದ. “ಹಾರೆ ಒಯ್ದಿದ್ದೆ, ಬೇಕಾಗಲೇ ಇಲ್ಲ. ಮರಳು ಅಷ್ಟು ಸಡಿಲ ಇತ್ತು, ಕೈಗೇ ಬಂತು.”

“ಇಷ್ಟು ವರ್ಷ ಓದಿ ಕಲಿತದ್ದು ಇದೇನಾ?”

“ಮುಂದಿನ ವರ್ಷ ನನ್ನನ್ನ ಖಾಯಂ ಮಾಡ್ತೀನಿ ಅಂದಿದ್ದರು ಸರ್.”

ಎಲ್ಲರನ್ನೂ ಮಂಗ ಮಾಡಿದ್ದರು, ಅದೂ ಇಂಥ ಒಂದು ಬಾಲದ ಸಹಾಯದಿಂದ. ನನಗೆ ಸಿಟ್ಟಿಗಿಂತ ಅಸಹ್ಯ ಹೆಚ್ಚಾಯಿತು. ಅವನ ತೋಳು ಹಿಡಿದು ನಾದಿನಿಯ ಹೊರಕೋಣೆಗೆ ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ, ಹಾಳೆ ಕೊಟ್ಟು, ಹೇಳಿದ್ದನ್ನೆಲ್ಲ ಬರೆಸಿಕೊಂಡೆ. ನಾಲ್ಕು ಪುಟ ಬರೆದು ಸಹಿ ಹಾಕುವಷ್ಟರಲ್ಲಿ ಗಂಟೆ ಎರಡೂವರೆ ದಾಟಿ ಮೂರಾಗುತ್ತ ಬಂದಿತ್ತು. ಸಮಿತಿಗೆ ಇಷ್ಟು ಸಾಕಿತ್ತು. ನಾದಿನಿ ಗೆದ್ದಳು, ಮನೆಗೆ ಹೋಗಿ ಕಾಲು ಚಾಚಬಹುದು ಎಂದುಕೊಂಡೆ.

ಆಗ ಕತ್ತಲೆಕೋಣೆಯ ಬಾಗಿಲು ತೆರೆದು ನಾದಿನಿ ಹೊರಗೆ ಬಂದಳು. ಕೈಯಲ್ಲಿ ಉದ್ದನೆಯ ಕಾಗದ.

“ಗೆದ್ದೆವಮ್ಮ. ಇವರೇ ಇಟ್ಟಿದ್ದಂತೆ. ಐದನೇ ಟ್ಯೂಬು ಯಾಕೆ ಕಲಸಿತ್ತು ಅಂತ ಗೊತ್ತಾಯ್ತು,” ಎಂದೆ.

ಅವಳು ನಗಲಿಲ್ಲ.

“ಐದನೇದೊಂದೇ ಅಲ್ಲ ಭಾವ.” ಕಾಗದವನ್ನು ಮೇಜಿನ ಮೇಲೆ ಹರಡಿದಳು. “ಒಂದನೇ ಟ್ಯೂಬು, ಮೂರು ಲಕ್ಷ ವರ್ಷ. ಯಾರೂ ಮುಟ್ಟಿಲ್ಲ. ಎಂಟನೇದೂ ಹಾಗೇ. ಎರಡರಿಂದ ಏಳರವರೆಗೆ ಎಲ್ಲ ಬೆರಕೆ. ಆರೂ ಟ್ಯೂಬು.”

“ಅಂದರೆ?”

“ಅಷ್ಟು ದೂರದವರೆಗೂ ತೋಡಿ ತುಂಬಿದಾರೆ.”

ನಾನು ಬಾಲಂಗೋಚಿಯ ಕಡೆ ನೋಡಿದೆ. ಅವನ ಅಂಗೈಗಳು ತಾವಾಗಿಯೇ ಮತ್ತೆ ಎದ್ದವು, ಅದೇ ಒಂದು ಗೇಣು. “ಇಷ್ಟೇ ಸರ್. ದೇವರಾಣೆ, ನಾನು ತೋಡಿದ್ದು ಇಷ್ಟೇ.”

“ಒಂದು ಟ್ಯೂಬಿಗೂ ಇನ್ನೊಂದಕ್ಕೂ ಎಷ್ಟು ದೂರ?” ಎಂದು ಕೇಳಿದೆ. ಕೇಳುವಾಗಲೇ ಉತ್ತರ ಬೇಡವಾಗಿತ್ತು.

“ಅಗೆತದ ಸಮಿತಿಯ ನಕ್ಷೆ ಪ್ರಕಾರ ಒಂದೊಂದು ಅಡಿ,” ಎಂದಳು ನಾದಿನಿ.

ಹೆಚ್ಚುಕಡಿಮೆ ಆರು ಅಡಿ. ಹಾರೆ ಬೇಡವಾಗುವಷ್ಟು ಸಡಿಲ ಮರಳು. ದವಡೆ ಸಿಕ್ಕ ಮರುಗಳಿಗೆಯೇ ಪ್ರೊಫೆಸರ್ ಅಗೆತ ನಿಲ್ಲಿಸಿದ್ದರು. ಅಮೂಲ್ಯವಾದ ತಾಣ, ಇನ್ನು ತಮ್ಮ ಅನುಮತಿಯಿಲ್ಲದೆ ಅಲ್ಲಿ ಯಾರೂ ಒಂದು ಹಿಡಿ ಮಣ್ಣು ತೆಗೆಯಕೂಡದು ಎಂದು ಸುತ್ತ ತಂತಿಬೇಲಿ ಹಾಕಿಸಿದ್ದರು, ಕಾವಲು ಇಟ್ಟಿದ್ದರು. ಬೇಲಿ ದವಡೆಗೆಂದು ನಾವೆಲ್ಲ ನಂಬಿದ್ದೆವು.

ದವಡೆಗಾಗಿ ಗುಂಡಿ ತೋಡಿರಲಿಲ್ಲ. ಗುಂಡಿ ಮೊದಲೇ ಇತ್ತು. ಅದನ್ನು ಇನ್ನೊಬ್ಬರು ಅಗೆಯದಂತೆ ಮಾಡಲು ದವಡೆ ಬೇಕಾಗಿತ್ತು.

“ಮಗಳ ಮದುವೆ ಅಂದರು,” ಬಾಲಂಗೋಚಿ ಗೊಣಗಿದ. “ಮೇಸ್ತ್ರಿಗೆ ಮಕ್ಕಳೇ ಇಲ್ಲ ಸರ್.”

ಕಿಟಕಿಯ ಕೆಳಗೆ ಕಾರೊಂದು ಹೊರಟ ಸದ್ದಾಯಿತು. ಬಗ್ಗಿ ನೋಡಿದೆ. ಪ್ರೊಫೆಸರರ ಕಾರು ಗೇಟು ದಾಟಿ, ಸಮಿತಿಯ ಕಟ್ಟಡವಿರುವ ಬಲಕ್ಕೆ ತಿರುಗದೆ ಕ್ವಾರಿಯಿರುವ ಎಡಕ್ಕೆ ತಿರುಗಿತು.

ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಮೂರು ಗಂಟೆ.

ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಯಾರದೆಂದು ಮೂವರಿಗೂ ಗೊತ್ತಿತ್ತು. ಹೇಳದೆ ಕೇಳದೆ ಹೋಗ್ತಾರೆ, ಕೈ ಬೀಸ್ಕೊಂಡು ಬರ್ತಾರೆ ಎಂದವನು ನಾನೇ. ಫೋನಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನೂ ನಾನೇ, ಆದರೆ ಕೈ ಮೇಲೇಳಲಿಲ್ಲ.